ಸ್ಲೆಡ್‌ನ ಎಡಗಡೆ ಬೇರಿಂಗ್ ಯಾವಾಗ ನೋಡಿದ್ರಿ?

ಮಿಶಿಗನ್‌ನ ಹೋಟನ್‌ನಲ್ಲಿ, ಅಂದರೆ ನಾನೀಗ ಇರುವ ಊರಲ್ಲಿ, ಮಾರ್ಚ್ 31ಕ್ಕೆ ಸ್ನೋಮೊಬೈಲ್ ಟ್ರೇಲ್‌ಗಳು ಮುಚ್ಚುತ್ತವೆ. ಅದಾದ ಮೇಲೆ ಸ್ಲೆಡ್ ಕಡೆ, ಅಂದರೆ ಹಿಮದ ಮೇಲೆ ಓಡುವ ಆ ಸ್ನೋಮೊಬೈಲ್ ಗಾಡಿಯ ಕಡೆ, ತಿರುಗಿ ನೋಡುವವರು ಕಡಿಮೆ. ಪೆಟ್ರೋಲ್ ಕೆಡದಿರಲಿ ಅಂತ ಟ್ಯಾಂಕಿಗೆ ಸ್ಟೆಬಿಲೈಜರ್ ಹಾಕಿದರು, ಬೆಲ್ಟ್ ಬಿಚ್ಚಿಟ್ಟರು, ಮೇಲೊಂದು ಟಾರ್ಪಾಲ್ ಹೊದಿಸಿದರು, ಮುಗೀತು. ಡ್ರೈವ್ ಶಾಫ್ಟ್ ಬೇರಿಂಗ್ ನೆನಪಾಗುವುದು ಮತ್ತೆ ನವೆಂಬರ್‌ನಲ್ಲಿ, ಅದೂ ಏನಾದರೂ ಶಬ್ದ ಬಂದರೆ. ನನ್ನ ಕೇಳಿದರೆ ಅದನ್ನು ನೋಡಬೇಕಾದದ್ದು ಏಪ್ರಿಲ್‌ನಲ್ಲೇ.

ಸ್ಲೆಡ್ ಒಳಗೆ ಇಣುಕಿ ನೋಡದವರಿಗೆ ಎರಡು ಮಾತು. ಇಂಜಿನ್ನಿನ ಶಕ್ತಿ ಪ್ರೈಮರಿ ಕ್ಲಚ್‌ನಿಂದ ಬೆಲ್ಟ್ ಮೂಲಕ ಸೆಕೆಂಡರಿ ಕ್ಲಚ್‌ಗೆ ಬರುತ್ತದೆ. ಅದು ಕೂತಿರುವುದು ಜ್ಯಾಕ್‌ಶಾಫ್ಟ್ ಅನ್ನುವ ಅಡ್ಡ ದಂಡದ ಮೇಲೆ. ಆ ಶಾಫ್ಟಿನ ಬಲತುದಿ ಚೈನ್ ಕೇಸ್ ಅನ್ನುವ ಎಣ್ಣೆ ಪೆಟ್ಟಿಗೆ ಒಳಗಿದೆ. ಅಲ್ಲಿನ ಚೈನ್ ಕೆಳಗಿನ ಡ್ರೈವ್ ಶಾಫ್ಟನ್ನು ತಿರುಗಿಸುತ್ತದೆ. ಡ್ರೈವ್ ಶಾಫ್ಟ್ ಮೇಲಿನ ಹಲ್ಲಿನ ಚಕ್ರಗಳು, ಇಲ್ಲಿನವರು ಡ್ರೈವರ್ ಅನ್ನುತ್ತಾರೆ, ಸ್ಲೆಡ್ ಕೆಳಗಿನ ರಬ್ಬರ್ ಪಟ್ಟಿಯನ್ನು, ಅಂದರೆ ಟ್ರ್ಯಾಕನ್ನು, ಎಳೆಯುತ್ತವೆ. ಶಾಫ್ಟನ್ನು ಹಿಡಿದು ನಿಲ್ಲಿಸಿರುವುದು ಎರಡು ತುದಿಯ ಎರಡು ಬೇರಿಂಗ್. ಬಲಗಡೆಯದಕ್ಕೆ ಚೈನ್ ಕೇಸ್ ಎಣ್ಣೆ ಸಿಗುತ್ತದೆ. ಎಡಗಡೆಯದಕ್ಕೆ ಆ ಪುಣ್ಯ ಇಲ್ಲ. ಒಳಗಿರುವ ಚೂರು ಗ್ರೀಸ್, ಅಕ್ಕಪಕ್ಕ ರಬ್ಬರ್ ಸೀಲು, ಅಷ್ಟರಲ್ಲೇ ಅದು ಬದುಕಬೇಕು. ಸೀಲಿನ ಆಚೆ ಇಡೀ ಚಳಿಗಾಲ ಹಿಮ.

ಕೆಲಸ ಎಷ್ಟು ಗೊತ್ತಾ? 8 ಹಲ್ಲಿನ ಡ್ರೈವರ್, 2.52 ಇಂಚು ಪಿಚ್‌ನ ಟ್ರ್ಯಾಕ್ (ಒಂದು ಹಲ್ಲಿಗೆ ಟ್ರ್ಯಾಕ್ ಸರಿಯುವುದು ಅಷ್ಟು) ಅಂತಿಟ್ಟುಕೊಳ್ಳಿ. ಶಾಫ್ಟ್ ಒಂದು ಸುತ್ತಿಗೆ ಟ್ರ್ಯಾಕ್ ಅರ್ಧ ಮೀಟರ್‌ಗಿಂತ ತುಸು ಜಾಸ್ತಿ ಓಡುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೆ ಶಾಫ್ಟ್ ನಿಮಿಷಕ್ಕೆ ಸುಮಾರು 2,600 ಸುತ್ತು ಹಾಕುತ್ತದೆ. ಬೇರಿಂಗ್‌ಗೆ ಈ ವೇಗ ಏನೂ ಅಲ್ಲ. ಅದನ್ನು ಕೊಲ್ಲುವುದು ನೀರು. ಓಡುವಾಗ ಬಿಸಿಯಾದ ಬೇರಿಂಗ್ ನಿಂತ ಮೇಲೆ ಆರುತ್ತದೆ. ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇಲ್ಲಿ ಕೆವಿನಾ ಪರ್ಯಾಯದ್ವೀಪದಲ್ಲಿ 1978–79ರ ಚಳಿಗಾಲದಲ್ಲಿ 390.4 ಇಂಚು ಹಿಮ ಬಿದ್ದಿತ್ತು. ಅದರ ಲೆಕ್ಕ ತೋರಿಸುವ ಎತ್ತರದ ಬೋರ್ಡೇ ಹೆದ್ದಾರಿ ಪಕ್ಕ ನಿಂತಿದೆ. ಪ್ರತಿ ವರ್ಷ ಅಷ್ಟು ಬೀಳಲ್ಲ, ಆದರೆ ತಿಂಗಳುಗಟ್ಟಲೆ ತೇವ ಎಳೆದುಕೊಳ್ಳೋಕೆ ಬೀಳುವಷ್ಟೇ ಸಾಕು.

ಶಬ್ದ ಕೇಳಿ ಕಂಡುಹಿಡಿಯುತ್ತೇನೆ ಅನ್ನುವವರಿಗೆ ನನ್ನ ಉತ್ತರ ಒಂದೇ: ಟೂ ಸ್ಟ್ರೋಕ್ ಇಂಜಿನ್ ಮುಂದೆ ಕೂತು ಬೇರಿಂಗ್ ಗರಗರ ಕೇಳುತ್ತೆ ಅಂದರೆ ಅದು ಆಗಲೇ ಹೋಗಿದೆ. ಹೋಟನ್‌ನಿಂದ ಹ್ಯಾನ್‌ಕಾಕ್‌ಗೆ ದಾಟುವ ಲಿಫ್ಟ್ ಬ್ರಿಜ್‌ಗೆ ಎರಡು ಅಂತಸ್ತು. ಚಳಿಗಾಲದಲ್ಲಿ ಮೇಲೆ ಕಾರು, ಕೆಳಗೆ ಸ್ಲೆಡ್. ಆ ಕಬ್ಬಿಣದ ಗೂಡಿನಲ್ಲಿ ನಿಧಾನ ಹೋಗುವಾಗಲೂ ನನಗೆ ಕೇಳುವುದು ಬರೀ ಇಂಜಿನ್. ಪಕ್ಕದ ಮನೆಯವರ ಸ್ಲೆಡ್ ಟ್ರೇಲ್ ಮಧ್ಯೆಯೇ ನಿಂತುಬಿಟ್ಟಿತ್ತು. ಎಡಗಡೆ ಬೇರಿಂಗ್ ಪುಡಿಯಾಗಿ, ಒಳ ರಿಂಗ್ ಶಾಫ್ಟ್ ಮೇಲೇ ಸುತ್ತಿ ಸುತ್ತಿ ಶಾಫ್ಟನ್ನು ತಿಂದುಹಾಕಿತ್ತು. ಇನ್ನೊಂದು ಸ್ಲೆಡ್‌ಗೆ ಹಗ್ಗ ಕಟ್ಟಿ ಎಳೆದು ತಂದರು. ಚಿಕ್ಕ ಬೇರಿಂಗ್‌ನಲ್ಲಿ ಮುಗಿಯಬೇಕಾದದ್ದು ಹೊಸ ಶಾಫ್ಟ್‌ವರೆಗೆ ಹೋಯಿತು.

ಹಾಗಾಗಿ ಕೈಯನ್ನು ನಂಬಿ. ಸ್ಲೆಡ್‌ನ ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬೆಲ್ಟ್ ತೆಗೆಯಿರಿ. ಟ್ರ್ಯಾಕ್ ಬಿಗಿ ಹೊಂದಿಸುವ ಅಡ್ಜಸ್ಟರ್‌ಗಳನ್ನು ಸಡಿಲ ಮಾಡಿ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಗಿಯಾಗಿರುವ ಟ್ರ್ಯಾಕ್ ಶಾಫ್ಟನ್ನು ಒಂದೇ ಕಡೆ ಎಳೆದು ಹಿಡಿದಿರುತ್ತದೆ. ಬೇರಿಂಗ್ ಎಷ್ಟೇ ಸವೆದಿದ್ದರೂ ಅಲ್ಲಾಡಲ್ಲ. ಸಡಿಲ ಮಾಡಿ, ಟ್ರ್ಯಾಕ್ ಮೇಲಿನ ಲೋಹದ ಹೊದಿಕೆಯ (ಟನಲ್) ಒಳಗೆ ಕೈ ಹಾಕಿ, ಶಾಫ್ಟ್‌ನ ಎಡತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟ್ ಕಟ್ ಅಂತ ಕೈಗೆ ಸಿಕ್ಕಿದರೆ ಬೇರೆ ಪರೀಕ್ಷೆ ಬೇಡ. ಸಿಗದಿದ್ದರೆ ಟ್ರ್ಯಾಕನ್ನು ಕೈಯಲ್ಲೇ ನಿಧಾನ ತಿರುಗಿಸಿ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಕೂತಿರುವ ಹೌಸಿಂಗ್‌ಗೆ ಒತ್ತಿ, ಹಿಡಿಯನ್ನು ಕಿವಿ ಹಿಂದಿನ ಮೂಳೆಗೆ ಇಟ್ಟುಕೊಳ್ಳಿ. ಒಳ್ಳೆಯ ಬೇರಿಂಗ್‌ನಿಂದ ಬರುವುದು ಒಂದೇ ಸಮನೆ ಸಣ್ಣ ಸದ್ದು. ಟಾರ್ಚ್ ಹಾಕಿ ಬೇರಿಂಗ್ ಸುತ್ತಲೂ ನೋಡಿ. ಅಲ್ಲಿಂದ ಕೆಂಪು ತುಕ್ಕು ಇಳಿದಿದ್ದರೂ ಬದಲಾಯಿಸುವುದೇ ಸರಿ.

ಬಿಚ್ಚುವ ಕೆಲಸ ಕಷ್ಟ ಅಲ್ಲ, ಉದ್ದ. ಚೈನ್ ಕೇಸ್ ಎಣ್ಣೆ ಇಳಿಸಿ, ಮುಚ್ಚಳ ತೆಗೆದು, ಚೈನು ಮತ್ತು ಸ್ಪ್ರಾಕೆಟ್ ಬಿಚ್ಚಿ. ಹಿಂದಿನ ಸಸ್ಪೆನ್ಶನ್ ಬೋಲ್ಟ್‌ಗಳನ್ನು ಕಳಚಿ ಹೊರಗೆಳೆಯಿರಿ. ಎಡಗಡೆ ಹಳೇ ಮಾದರಿಗಳಲ್ಲಿ ಬೇರಿಂಗನ್ನು ಶಾಫ್ಟ್‌ಗೆ ಬಿಗಿಯುವ ಬಳೆ, ಲಾಕಿಂಗ್ ಕಾಲರ್, ಇರುತ್ತದೆ. ಅದರ ಸ್ಕ್ರೂವನ್ನು ಅಲೆನ್ ಕೀಯಲ್ಲಿ ಸಡಿಲಿಸಿ, ಶಾಫ್ಟ್ ತಿರುಗುವ ದಿಕ್ಕಿಗೆ ಉಲ್ಟಾ ಪಂಚ್ ಇಟ್ಟು ತಟ್ಟಿದರೆ ಕಾಲರ್ ಬಿಡುತ್ತದೆ. ಆಮೇಲೆ ಬೇರಿಂಗ್ ಹಿಡಿದಿರುವ ಫ್ಲ್ಯಾಂಜ್‌ನ ಬೋಲ್ಟ್‌ಗಳನ್ನು ಬಿಚ್ಚಿ, ಪುಲ್ಲರ್ ಹಾಕಿ ಬೇರಿಂಗನ್ನು ಎಳೆಯಿರಿ.

ಹೊರಬಂದ ಬೇರಿಂಗನ್ನು ತಕ್ಷಣ ಎಸೆಯಬೇಡಿ. ಹೋದ ವಸಂತದಲ್ಲಿ ನಾನು ತೆಗೆದದ್ದು ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಒಳ ರಿಂಗಿಗೆ ಬೆರಳು ತೂರಿಸಿ ತಿರುಗಿಸಿದರೆ ಅಲ್ಲಲ್ಲಿ ತಡೆದು, ಮತ್ತೆ ಜಾರುತ್ತಿತ್ತು. ಸೂಜಿಯಿಂದ ಸೀಲ್ ಎಬ್ಬಿಸಿದೆ. ಗ್ರೀಸ್ ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಬೆರೆತಿದೆ. ಸೀಮೆಎಣ್ಣೆಯಲ್ಲಿ ತೊಳೆದು ಗುಂಡುಗಳನ್ನು ಪಕ್ಕಕ್ಕೆ ಸರಿಸಿದಾಗ ಅವು ಓಡುವ ಹಾದಿಯ ಮೇಲೆ ಸಣ್ಣ ಸಣ್ಣ ಕಪ್ಪು ಕುಳಿ ಕಂಡವು. ಗುಂಡುಗಳ ನಡುವೆ ಎಷ್ಟು ಅಂತರವೋ, ಕುಳಿಗಳ ನಡುವೆಯೂ ಅಷ್ಟೇ. ಓಡಿ ಸವೆದಿದ್ದರೆ ಸುತ್ತಲೂ ಒಂದೇ ಸಮ ಇರಬೇಕಿತ್ತು. ಇದು ನಿಂತು ಹಿಡಿದ ತುಕ್ಕು. ಏಪ್ರಿಲ್ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನೀರು ಕುಡಿದ ಬೇರಿಂಗನ್ನು ಬೇಸಿಗೆಯಿಡೀ ಹಾಗೇ ನಿಲ್ಲಿಸಿದರೆ ಮುಂದಿನ ಚಳಿಗಾಲಕ್ಕೆ ಹೋದದ್ದೇ ಗ್ಯಾರಂಟಿ.

ಹೊಸದನ್ನು ನಂಬರ್ ನೋಡಿ ಬೇರಿಂಗ್ ಅಂಗಡಿಯಲ್ಲೇ ತರಬಹುದು. ಹಲವು ಸ್ಲೆಡ್‌ಗಳ ಚೈನ್ ಕೇಸ್ ಕಡೆ ಇರುವುದು 6205. ಕೊನೆಯ 05 ಅನ್ನು 5ರಿಂದ ಗುಣಿಸಿ, ಒಳ ಅಳತೆ 25 ಮಿ.ಮೀ. ಹೊರಗೆ 52, ದಪ್ಪ 15. ಕಾಲರ್ ಇರುವ ಬೇರಿಂಗ್‌ನ ಒಳ ರಿಂಗ್ ಮಾತ್ರ ಉದ್ದ ಚಾಚಿರುತ್ತದೆ. ಮಾಮೂಲಿ 6205 ಅಲ್ಲಿ ಕೂರಲ್ಲ. ಹಳೇದನ್ನು ಜೇಬಲ್ಲಿಟ್ಟುಕೊಂಡೇ ಹೋಗಿ. ಒಂದು ತುದಿ ಹೋಗಿದ್ದರೂ ಎರಡೂ ಬದಲಾಯಿಸಿ, ಚೈನ್ ಕೇಸ್ ಸೀಲ್ ಸಮೇತ. ಬೇರಿಂಗ್‌ಗೆ ಹೋಗುವ ದುಡ್ಡು ಸ್ವಲ್ಪ, ಬಿಚ್ಚಿ ಜೋಡಿಸುವುದರಲ್ಲಿ ಹೋಗುವ ಶನಿವಾರ ದೊಡ್ಡದು.

ಕೂರಿಸುವಾಗ ನನಗೆ ಗುರು ಶಿವಮೊಗ್ಗದ ಭಾವ. ಅಕ್ಕನ ಗಂಡ, ಬೈಕ್ ಗ್ಯಾರೇಜ್ ಇಟ್ಟಿದ್ದಾರೆ. ಹಿಮವನ್ನೇ ನೋಡದ ಮನುಷ್ಯ ವಿಡಿಯೋ ಕಾಲ್‌ನಲ್ಲಿ ಸುತ್ತಿಗೆ ಶಬ್ದ ಕೇಳಿಯೇ ತಡೆದರು. "ನಿಲ್ಸಮ್ಮ, ಎಲ್ಲಿಗೆ ಹೊಡೀತಿದೀಯ ತೋರ್ಸು ಮೊದ್ಲು."

"ಒಳ ರಿಂಗಿಗೇ ಭಾವ, ಪೈಪ್ ಇಟ್ಟಿದೀನಿ."

"ಹಾಂ, ಹಂಗಾದ್ರೆ ಸರಿ. ಶಾಫ್ಟ್‌ಗೆ ಹಾಕೋವಾಗ ಒಳಗಿಂದಕ್ಕೆ, ಹೌಸಿಂಗ್‌ಗೆ ಹಾಕೋವಾಗ ಹೊರಗಿಂದಕ್ಕೆ. ಉಲ್ಟಾ ಹೊಡೆದ್ರೆ ಪೆಟ್ಟು ಗುಂಡಿನ ಮೇಲೆ ಬೀಳತ್ತೆ, ಹೊಸದ್ರಲ್ಲೇ ಕುಳಿ ಬೀಳತ್ತೆ."

ಅದಕ್ಕೂ ಮೊದಲು ಶಾಫ್ಟನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ, ಉಗುರು ಎಳೆದು ನೋಡಿ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಬೇರಿಂಗ್ ಹಾಕಿ ಪ್ರಯೋಜನ ಇಲ್ಲ. ಜೋಡಿಸುವಾಗ ಬಲಗಡೆ ಶಾಫ್ಟ್ ಪೂರ್ತಿ ಕೂತು ಸ್ಪ್ರಾಕೆಟ್ ಬಿಗಿಯಾದ ಮೇಲೇ ಎಡಗಡೆ ಕಾಲರ್ ಲಾಕ್ ಮಾಡಿ. ಮೊದಲೇ ಮಾಡಿದರೆ ಶಾಫ್ಟ್ ಎಳೆದಾಡಿಕೊಂಡೇ ತಿರುಗುತ್ತದೆ. ಬೋಲ್ಟ್ ಎಷ್ಟು ಬಿಗಿಯಬೇಕು (ಟಾರ್ಕ್), ಟ್ರ್ಯಾಕ್ ಎಷ್ಟು ಜೋಲಬೇಕು ಅನ್ನುವುದನ್ನು ನಿಮ್ಮ ಮಾದರಿಯ ಮ್ಯಾನ್ಯುಯಲ್ ನೋಡಿಯೇ ಮಾಡಿ. ಟ್ರ್ಯಾಕ್ ಬಿಗಿ ಇದ್ದಷ್ಟೂ ಒಳ್ಳೇದು ಅಂತ ಇಲ್ಲೊಬ್ಬರು ವಾದ ಮಾಡುತ್ತಾರೆ. ಆ ಬಿಗಿ ಬೀಳುವುದು ಇದೇ ಎರಡು ಬೇರಿಂಗ್ ಮೇಲೆ, ನಾನಂತೂ ಒಪ್ಪಲ್ಲ.

ಇನ್ನು ತೊಳೆಯುವ ವಿಷಯ. ಸೀಸನ್ ಮುಗಿದ ಮೇಲೆ ಪ್ರೆಶರ್ ವಾಷರ್ ಹಿಡಿದು ಟನಲ್ ಒಳಗೆಲ್ಲ ಹೊಡೆಯುತ್ತಾರಲ್ಲ, ಅದು ಬೇಡ. ಆ ರಭಸಕ್ಕೆ ಸೀಲ್ ತಡೆಯಲ್ಲ. ತೋಟಕ್ಕೆ ನೀರು ಬಿಡುವ ಪೈಪ್ ಸಾಕು. ತೊಳೆದ ಮೇಲೆ ಹಿಂಭಾಗ ಎತ್ತಿ ಟ್ರ್ಯಾಕನ್ನು ಕೈಯಲ್ಲೇ ಒಂದಷ್ಟು ಸುತ್ತು ತಿರುಗಿಸಿ ಒಣಗಲು ಬಿಡಿ.