ಹೊಸರಿತ್ತಿ ಮೊದಲು, ವೀರಸೌಧ ಆಮೇಲೆ

ಮೊದಲ ಒಂದು ಮಾತು ಹೇಳಿಬಿಡ್ತೇನಿ, ಮ್ಯಾಪ್‌ನ್ಯಾಗ ಬರೇ ‘ಮೈಲಾರ’ ಅಂತ ಹಾಕಬ್ಯಾಡ್ರಿ. ನಮ್ಮ ದೋಸ್ತ ಹಂಗ ಹಾಕಿ, ಕಾರ್ಣಿಕ ಆಗೋ ಮೈಲಾರಲಿಂಗಪ್ಪನ ಗುಡಿ ಕಡೆ ಗಾಡಿ ತಿರುಗಿಸಿಬಿಟ್ಟಿದ್ದ, ಅರ್ಧ ದಾರಿಗೆ ಫೋನ್ ಮಾಡಿ ವಾಪಸ್ ಕರಸಬೇಕಾತು. ನಾವು ಹೊಂಟಿದ್ದು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಸ್ಮಾರಕ ವೀರಸೌಧಕ್ಕ. ಅವರ ಊರು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು.

ಹುಬ್ಬಳ್ಳಿಯಿಂದ ಬೆಳಿಗ್ಗೆ ಟ್ರೇನ್ ಹತ್ತಿದ್ರ ಹಾವೇರಿ ದೂರ ಏನಲ್ಲ, ಇಳಿದ ಸ್ಟೇಷನ್ನಿಗೇ ಅವರ ಹೆಸರೈತಿ, ದಿನಾ ಓಡಾಡೋ ಎಷ್ಟ ಮಂದಿ ತಲಿ ಎತ್ತಿ ಓದ್ಯಾರೋ ಏನೋ. ವೀರಸೌಧ ಹಾವೇರಿಯೊಳಗನ ಐತಿ ಅಂತ ನಾವು ಸೀದಾ ಅಲ್ಲಿಗೇ ಹೋದ್ವಿ, ಅದೇ ತಪ್ಪಾತು. ಜೊತಿಗಿದ್ದ ಹುಡುಗ್ರು ಹತ್ತು ನಿಮಿಷಕ್ಕ ನೋಡಿ, ಸೆಲ್ಫಿ ತೊಗೊಂಡು, ‘ಕಾಕಾ ಮುಂದ ಎಲ್ಲಿ?’ ಅಂದ್ರು. ಅವರದೇನೂ ತಪ್ಪಿಲ್ಲ ಬಿಡ್ರಿ, ಕಥಿನೇ ಗೊತ್ತಿಲ್ಲಂದ್ರ ಕಲ್ಲು ಏನ್ ಮಾತಾಡ್ತದ?

ಕಥಿ ಇರೋದು ಹಾವೇರಿ ತಾಲೂಕಿನ ಹೊಸರಿತ್ತಿ ಊರೊಳಗ. ಕ್ವಿಟ್ ಇಂಡಿಯಾ ಜೋರಿದ್ದ ಕಾಲ, ಆಕಡೆ ಎರಡನೇ ಮಹಾಯುದ್ಧ ನಡದಿತ್ತು. ರೈತರಿಂದ ವಸೂಲಿ ಮಾಡಿದ ಕಂದಾಯ ಅಲ್ಲಿ ವೀರಭದ್ರ ದೇವರ ಗುಡಿಯೊಳಗ ಇಟ್ಟು ಪೊಲೀಸರು ಕಾವಲಿದ್ರು. 1943ರ ಏಪ್ರಿಲ್ 1ಕ್ಕ ಮಹಾದೇವಪ್ಪನವರ ತಂಡ ಅದರ ಮ್ಯಾಲೆ ದಾಳಿ ಮಾಡಿತು, ಗುಂಡು ಹಾರಿದ್ವು. ಮಹಾದೇವಪ್ಪನವರು, ಅವರ ಜೊತಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಹುತಾತ್ಮರಾದ್ರು. ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ. 1930ರಾಗ ಗಾಂಧೀಜಿ ಜೊತಿ ದಂಡಿಗೆ ನಡದ ಮೊದಲ ತಂಡದಾಗ ನಮ್ಮ ಕರ್ನಾಟಕದಿಂದ ಇದ್ದವರು ಇವರೊಬ್ಬರ, ಆಗ ವಯಸ್ಸು 18. ನನ್ನ ಜೊತಿ ಇದ್ದವನಿಗೂ ಅಷ್ಟ ವಯಸ್ಸು, ಗುಡಿ ಮುಂದ ಇದನ್ನ ಹೇಳಿದಾಗ ಅವ ಫೋನ್ ಕಿಸೆಯೊಳಗ ಇಟ್ಟ.

ಅದಕ್ಕ ನೀವು ಹಾವೇರಿಯಿಂದ ಮೊದಲ ಹೊಸರಿತ್ತಿಗೆ ಹೋಗ್ರಿ, ಬಿಸಿಲು ಏರೋದ್ರೊಳಗ ಮುಟ್ರಿ, ಗುಡಿಯೊಳಗ ಚಪ್ಪಲಿ ಬಿಟ್ಟು ನಡೀಬೇಕು, ಏಪ್ರಿಲ್‌ನ್ಯಾಗಂತೂ ಕಾಲು ಸುಡ್ತಾವ. ಕಟ್ಟಿ ಮ್ಯಾಲೆ ಕುಂತ ಹಿರಿಯರಿಗೆ ‘ಅಜ್ಜಾರ, ಮಹಾದೇವಪ್ಪನವರ ಮ್ಯಾಲೆ ಗುಂಡು ಹಾರಿಸಿದ್ದು ಇಲ್ಲೇ ಏನ್ರಿ?’ ಅಂತ ಕೇಳ್ರಿ, ಬೋರ್ಡ್ ಓದೋದಕ್ಕಿಂತ ಹೆಚ್ಚು ಸಿಗ್ತದ. ಹೋಟೆಲ್ ನಂಬಬ್ಯಾಡ್ರಿ, ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟಗೊಂಡು ಹೋಗ್ರಿ, ವರದಾ ಹೊಳಿ ಹತ್ರನ ಐತಿ. ಹೊಳ್ಳಿ ಬರುವಾಗ ಸಂಜಿಮುಂದ ವೀರಸೌಧ. ನಾವು ಎರಡನೇ ಸಲ ಹೋದಾಗ ಆ ಹುಡುಗ್ರು ಅರ್ಧ ತಾಸು ಅಲ್ಲೇ ನಿಂತಿದ್ರು, ಟ್ರೇನ್ ಟೈಮ್ ಆತು ಅಂತ ನಾನ ಎಬ್ಬಿಸಿಕೊಂಡು ಬಂದೆ.