ಮಲಗಿರುವ ಥ್ರೆಡ್ ಎಲ್ಲಿರುತ್ತದೆ?

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೋಡ್ ಓದಲು ಶುರು ಮಾಡುವವರಿಗೆ ನಾನು ಯಾವಾಗಲೂ ಹೇಳುವುದು ಒಂದೇ ಮಾತು: ಓಡುತ್ತಿರುವ ಥ್ರೆಡ್‌ ಆಮೇಲೆ, ಮೊದಲು ಮಲಗಿರುವ ಥ್ರೆಡ್ ನೋಡಿ. ಥ್ರೆಡ್ ಅಂದರೆ ಪ್ರೋಗ್ರಾಮ್‌ನೊಳಗೆ ಓಡುವ ಕೆಲಸದ ಒಂದು ಎಳೆ. ಅದು ಯಾವುದಕ್ಕೋ ಕಾಯುತ್ತಾ ಸಿಪಿಯು ಬಿಟ್ಟುಕೊಟ್ಟಿದ್ದರೆ ಮಲಗಿದೆ ಅನ್ನುತ್ತೇವೆ. 8 ಸಿಪಿಯು ಇರುವ ಮೆಷಿನ್‌ನಲ್ಲಿ ಒಂದು ಕ್ಷಣಕ್ಕೆ ಓಡುವುದು ಹೆಚ್ಚೆಂದರೆ 8 ಥ್ರೆಡ್. ಇರುವುದು ನೂರಾರು, ಕೆಲವೊಮ್ಮೆ ಸಾವಿರಾರು. ಉಳಿದವೆಲ್ಲ ಎಲ್ಲೋ ನಿಂತಿವೆ. ಅವನ್ನು ನಿಂತ ಜಾಗದಿಂದಲೇ, ಒಂದು ಬಿಟ್ ಕೂಡ ಆಚೀಚೆ ಆಗದಂತೆ ಎಬ್ಬಿಸಬೇಕು. ಕರ್ನಲ್ ಥ್ರೆಡ್‌ಗಳಿಗಾಗಿ ಮಾಡುವ ಕೆಲಸದಲ್ಲಿ ಬಹುಪಾಲು ಇದೇ.

ಪ್ರತಿ ಥ್ರೆಡ್‌ಗೂ ಕರ್ನಲ್‌ನಲ್ಲಿ ಒಂದು ಟಾಸ್ಕ್_ಸ್ಟ್ರಕ್ಟ್ ಇರುತ್ತದೆ. ಹಲವು ಕೆಬಿ ಗಾತ್ರದ ದೊಡ್ಡ ಸ್ಟ್ರಕ್ಚರ್ ಅದು. ಪ್ರೋಸೆಸ್‌ಗೆ (ಓಡುತ್ತಿರುವ ಇಡೀ ಪ್ರೋಗ್ರಾಮ್‌ಗೆ) ಅಂತ ಬೇರೆ ಸ್ಟ್ರಕ್ಚರ್ ಇಲ್ಲ. ವಿಂಡೋಸ್‌ನಲ್ಲಿ ಈಪ್ರೋಸೆಸ್ ಬೇರೆ, ಈಥ್ರೆಡ್ ಬೇರೆ. ಲಿನಕ್ಸ್‌ನಲ್ಲಿ ಎಲ್ಲವೂ ಟಾಸ್ಕ್. ಅದರೊಳಗೆ ಮೆಮೊರಿಗೆ ಒಂದು ಪಾಯಿಂಟರ್ (ವಿಳಾಸ), ತೆರೆದ ಫೈಲ್‌ಗಳಿಗೆ ಒಂದು, ಸಿಗ್ನಲ್‌ಗಳಿಗೆ (ಪ್ರೋಸೆಸ್‌ಗೆ ಬರುವ ಸೂಚನೆಗಳಿಗೆ) ಒಂದು. ಎರಡು ಟಾಸ್ಕ್‌ಗಳು ಇವನ್ನೆಲ್ಲ ಹಂಚಿಕೊಂಡರೆ ನಾವು ಅವನ್ನು ಒಂದೇ ಪ್ರೋಸೆಸ್‌ನ ಥ್ರೆಡ್‌ಗಳು ಅನ್ನುತ್ತೇವೆ. ಏನೇನು ಹಂಚಿಕೊಳ್ಳಬೇಕು ಅಂತ ತೀರ್ಮಾನಿಸುವುದು ಹೊಸ ಟಾಸ್ಕ್ ಹುಟ್ಟಿಸುವ ಕ್ಲೋನ್ ಸಿಸ್ಟಮ್ ಕಾಲ್‌ಗೆ (ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗೆ) ಕೊಡುವ ಫ್ಲಾಗ್‌ಗಳು. ಈ ವಿನ್ಯಾಸ ನನಗೆ ತುಂಬಾ ಇಷ್ಟ. ಮುಂದೆ ಪ್ರೋಗ್ರಾಮ್‌ಗಳನ್ನು ಬೇರ್ಪಡಿಸಿ ಓಡಿಸುವ ಕಂಟೇನರ್‌ಗಳಿಗೆ ನೇಮ್‌ಸ್ಪೇಸ್ (ಸಿಸ್ಟಮ್‌ನ ಪ್ರತ್ಯೇಕ ನೋಟ) ಬೇಕಾದಾಗ ಅದೇ ಕ್ಲೋನ್‌ಗೆ ಹೊಸ ಫ್ಲಾಗ್‌ಗಳು ಬಂದವು, ಅದೇ ಟಾಸ್ಕ್_ಸ್ಟ್ರಕ್ಟ್‌ನಲ್ಲಿ ಇನ್ನೊಂದು ಪಾಯಿಂಟರ್ ಬಂತು.

ಇದರಿಂದ ಒಂದು ಗೊಂದಲವೂ ಹುಟ್ಟುತ್ತದೆ. ಕರ್ನಲ್ ಒಳಗೆ ಪಿಐಡಿ ಅಂದರೆ ಥ್ರೆಡ್‌ನ ನಂಬರ್. ನಾವು ಹೊರಗಿನಿಂದ ಪಿಐಡಿ (ಪ್ರೋಸೆಸ್‌ನ ನಂಬರ್) ಅನ್ನುವುದು ಅಲ್ಲಿ ಟಿಜಿಐಡಿ, ಅಂದರೆ ಥ್ರೆಡ್ ಗುಂಪಿನ ನಂಬರ್. ಥ್ರೆಡ್‌ಗಳಿಗಾಗಿ ಹಳೆಯ ಲಿನಕ್ಸ್‌ಥ್ರೆಡ್ಸ್ ಲೈಬ್ರರಿ ಇದ್ದಾಗ ಒಂದೇ ಪ್ರೋಗ್ರಾಮ್‌ನ ಒಂದೊಂದು ಥ್ರೆಡ್‌ಗೂ ಪಿಐಡಿ ಕೇಳುವ ಗೆಟ್‌ಪಿಡ್ ಕರೆ ಬೇರೆ ಬೇರೆ ನಂಬರ್ ಕೊಡುತ್ತಿತ್ತು. 2003ರ ಹೊತ್ತಿಗೆ ಎನ್‌ಪಿಟಿಎಲ್ ಅನ್ನುವ ಹೊಸ ಲೈಬ್ರರಿ ಬಂದ ಮೇಲೆ ಅದು ಸರಿಹೋಯಿತು.

ಈಗ ನಿದ್ದೆಯ ವಿಷಯ. ಪ್ರತಿ ಥ್ರೆಡ್‌ಗೂ ಕರ್ನಲ್ ಒಳಗೆ ತನ್ನದೇ ಸ್ಟ್ಯಾಕ್ ಇದೆ, ಅಂದರೆ ಫಂಕ್ಷನ್ ಕರೆಗಳ ಲೆಕ್ಕ ಇಡುವ ಮೆಮೊರಿ. 64 ಬಿಟ್ ಎಕ್ಸ್86ನಲ್ಲಿ ಅದು 16 ಕೆಬಿ. 2014ರವರೆಗೆ 8 ಕೆಬಿ ಇತ್ತು. ಒಂದು ಥ್ರೆಡ್ ಸಾಕೆಟ್‌ನಿಂದ (ನೆಟ್‌ವರ್ಕ್ ಸಂಪರ್ಕದಿಂದ) ಓದಲು ರೀಡ್ ಕರೆಯುತ್ತದೆ ಅಂದುಕೊಳ್ಳಿ. ಕರ್ನಲ್‌ಗೆ ಬಂದ ಕೂಡಲೇ ಅದರ ಯೂಸರ್ ರಿಜಿಸ್ಟರ್‌ಗಳೆಲ್ಲ (ಪ್ರೋಗ್ರಾಮ್ ಓಡುವಾಗ ಸಿಪಿಯು ಒಳಗಿದ್ದ ಮೌಲ್ಯಗಳು) ಈ ಸ್ಟ್ಯಾಕ್‌ನ ತಳದಲ್ಲಿ ಕೂರುತ್ತವೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆಯುತ್ತಾ ಹೋಗುತ್ತದೆ. ಡೇಟಾ ಇನ್ನೂ ಬಂದಿಲ್ಲ. ಆಗ ಥ್ರೆಡ್ ವೇಟ್ ಕ್ಯೂನಲ್ಲಿ (ಕಾಯುವವರ ಪಟ್ಟಿಯಲ್ಲಿ) ತನ್ನನ್ನು ಸೇರಿಸಿಕೊಂಡು, ಮಲಗಿದ್ದೇನೆ ಅಂತ ಗುರುತು ಹಾಕಿಕೊಂಡು, ಮುಂದಿನ ಥ್ರೆಡ್‌ಗೆ ಸಿಪಿಯು ಕೊಡುವ ಷೆಡ್ಯೂಲ್ ಫಂಕ್ಷನ್ ಅನ್ನು ತಾನೇ ಕರೆಯುತ್ತದೆ.

ಅದರ ಆಳದಲ್ಲಿ ಕೆಲವೇ ಸಾಲು ಅಸೆಂಬ್ಲಿ ಇದೆ. ಆರ್‌ಬಿಪಿ, ಆರ್‌ಬಿಎಕ್ಸ್, ಆರ್12ರಿಂದ ಆರ್15, ಈ ಆರು ರಿಜಿಸ್ಟರ್‌ಗಳನ್ನು ಸ್ಟ್ಯಾಕ್ ಮೇಲೆ ಇಡುತ್ತದೆ. ಸ್ಟ್ಯಾಕ್ ಪಾಯಿಂಟರನ್ನು (ಸ್ಟ್ಯಾಕ್‌ನಲ್ಲಿ ಎಲ್ಲಿದ್ದೇವೆ ಅನ್ನುವ ವಿಳಾಸ) ಈ ಟಾಸ್ಕ್‌ನೊಳಗೆ ಬರೆದಿಟ್ಟು, ಮುಂದಿನ ಟಾಸ್ಕ್‌ನ ಸ್ಟ್ಯಾಕ್ ಪಾಯಿಂಟರನ್ನು ಎತ್ತಿಕೊಳ್ಳುತ್ತದೆ. ಆ ಒಂದು ಇನ್‌ಸ್ಟ್ರಕ್ಷನ್‌ಗೆ ಮೊದಲು ಒಂದು ಥ್ರೆಡ್, ಅದರ ನಂತರ ಇನ್ನೊಂದು! ಅಲ್ಲಿಂದ ರಿಟರ್ನ್ ಆದಾಗ ವಿಳಾಸ ಸಿಗುವುದು ಹೊಸ ಸ್ಟ್ಯಾಕ್‌ನಿಂದ. ಒಬ್ಬರು ಕರೆದ ಫಂಕ್ಷನ್ ಇನ್ನೊಬ್ಬರ ಬಳಿ ಮುಗಿಯುತ್ತದೆ. ಮಲಗಿದ ಥ್ರೆಡ್‌ಗೆ ಮಾತ್ರ ಷೆಡ್ಯೂಲ್ ಅನ್ನುವುದು ಸುಮ್ನೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿದ ಒಂದು ಫಂಕ್ಷನ್, ಅಷ್ಟೇ.

ಹಾಗಾದರೆ ಈಗಷ್ಟೇ ಹುಟ್ಟಿದ ಥ್ರೆಡ್ ಕಥೆ ಏನು? ಅದು ಯಾವತ್ತೂ ಷೆಡ್ಯೂಲ್ ಕರೆದೇ ಇಲ್ಲ ಅಲ್ವಾ? ಅದಕ್ಕೆ ಕರ್ನಲ್ ಅದರ ಸ್ಟ್ಯಾಕ್ ಮೇಲೆ ಒಂದು ಸುಳ್ಳು ಫ್ರೇಮ್ (ಫಂಕ್ಷನ್ ಕರೆಯ ದಾಖಲೆ) ಕಟ್ಟಿಡುತ್ತದೆ. ಮೊದಲೇ ಮಲಗಿದ್ದು ಈಗ ಏಳುತ್ತಿದೆ ಅನ್ನುವ ಹಾಗೆ. ಕಾಪಿ_ಥ್ರೆಡ್ ಅನ್ನುವ ಫಂಕ್ಷನ್ ಈ ಕೆಲಸ ಮಾಡುತ್ತದೆ. ಇಡೀ ಕರ್ನಲ್‌ನಲ್ಲಿ ನನಗೆ ಅತ್ಯಂತ ಸುಂದರ ಅನಿಸುವ ಜಾಗ ಇದು.

ಮಲಗುವ ಮತ್ತು ಏಳುವ ಥ್ರೆಡ್ ಎರಡರದೂ ಒಂದೇ ಮೆಮೊರಿ ಆದರೆ ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ನಕ್ಷೆ) ಬದಲಿಸುವ ಕೆಲಸವೂ ಇರುವುದಿಲ್ಲ. ಕರ್ನಲ್‌ನದೇ ಥ್ರೆಡ್‌ಗಳಿಗಂತೂ ಯೂಸರ್ ಮೆಮೊರಿ ಇರುವುದೇ ಇಲ್ಲ. ಹಿಂದೆ ಓಡುತ್ತಿದ್ದ ಟಾಸ್ಕ್‌ನದನ್ನೇ ಎರವಲು ಪಡೆಯುತ್ತವೆ.

ಮುಂದೆ ಯಾರನ್ನು ಓಡಿಸಬೇಕು ಅನ್ನುವ ಲೆಕ್ಕ 2007ರಿಂದ ಸಿಎಫ್‌ಎಸ್ ಅನ್ನುವ ಷೆಡ್ಯೂಲರ್‌ನದಾಗಿತ್ತು. 2023ರಲ್ಲಿ 6.6 ಆವೃತ್ತಿಯಿಂದ ಅದರ ಜಾಗಕ್ಕೆ ಇಇವಿಡಿಎಫ್ ಬಂದಿದೆ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಮುಖ್ಯ ಅನಿಸುವುದು ಇದು: ಮಲಗಿ ಸುಮ್ಮನಿರುವ ಥ್ರೆಡ್‌ಗಳನ್ನು ಷೆಡ್ಯೂಲರ್ ಪ್ರತಿ ಸಲ ಹುಡುಕಿ ನೋಡುವುದಿಲ್ಲ. 10,000 ಥ್ರೆಡ್ ಮಲಗಿದ್ದರೆ ಹೋಗುವುದು ಸಿಪಿಯು ಸಮಯ ಅಲ್ಲ, ಮೆಮೊರಿ. ಕರ್ನಲ್ ಸ್ಟ್ಯಾಕ್‌ಗಳಿಗೇ ಸುಮಾರು 160 ಎಂಬಿ.

ಇಷ್ಟು ಗೊತ್ತಿದ್ದರೆ ಬಲವಂತವಾಗಿ ಮುಗಿಸುವ ಕಿಲ್ -9 ಕಮಾಂಡ್‌ಗೂ ಬಗ್ಗದ ಪ್ರೋಸೆಸ್ ಯಾಕೆ ಹಾಗೆ ಅಂತ ಅರ್ಥವಾಗುತ್ತದೆ. ಸಿಗ್ನಲ್ ಹೊರಗಿನಿಂದ ಬಂದು ಥ್ರೆಡ್ ಅನ್ನು ಕೊಲ್ಲುವುದಿಲ್ಲ. ಟಾಸ್ಕ್‌ನಲ್ಲಿ ಗುರುತು ಹಾಕಿ ಎಬ್ಬಿಸುತ್ತದೆ, ಥ್ರೆಡ್ ತಾನೇ ಎದ್ದು ಸಾಯಬೇಕು. ಪ್ರೋಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಕಮಾಂಡ್‌ನಲ್ಲಿ ಡಿ ಅಂತ ತೋರಿಸುವ ಸ್ಥಿತಿಯಲ್ಲಿ ಸಾಮಾನ್ಯವಾಗಿ ಎಬ್ಬಿಸುವುದಕ್ಕೇ ಅನುಮತಿ ಇಲ್ಲ. ಸಾಯಿಸುವ ಸಿಗ್ನಲ್‌ಗಾದರೂ ಏಳಲಿ ಅಂತ 2008ರಲ್ಲಿ ಕಿಲ್ಲಬಲ್ ಅನ್ನುವ ಸ್ಥಿತಿ ಸೇರಿಸಿದರು. ಎಲ್ಲ ಕಡೆ ಅದನ್ನು ಬಳಸಿಲ್ಲ.

ಸರ್ವರ್ ಸಿಕ್ಕಿಹಾಕಿಕೊಂಡಾಗ ನಾನು ರೂಟ್ (ಪೂರ್ಣ ಅಧಿಕಾರದ ಯೂಸರ್) ಆಗಿ ಮೊದಲು ತೆರೆಯುವುದು ಪ್ರಾಕ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಂತೆ ತೋರಿಸುವ ಜಾಗ) ಆ ಪ್ರೋಸೆಸ್‌ನ ಟಾಸ್ಕ್ ಫೋಲ್ಡರ್. ಥ್ರೆಡ್‌ಗೆ ಒಂದರಂತೆ ಅಲ್ಲಿ ಸ್ಟ್ಯಾಕ್ ಅನ್ನುವ ಫೈಲ್ ಇದೆ. ಯಾರು ಎಲ್ಲಿ ಮಲಗಿದ್ದಾರೆ ಅಂತ ಫಂಕ್ಷನ್ ಹೆಸರುಗಳ ಸಮೇತ ಕಾಣುತ್ತದೆ. ಫ್ಯೂಟೆಕ್ಸ್ (ಲಾಕ್‌ಗಾಗಿ ಕಾಯಲು ಬಳಸುವ ಕರೆ) ಕಂಡರೆ ನಮ್ಮದೇ ಪ್ರೋಗ್ರಾಮ್‌ನಲ್ಲಿ ಯಾರೋ ಲಾಕ್ ಹಿಡಿದು ಕೂತಿರಬಹುದು. ಎಲ್ಲ ಥ್ರೆಡ್‌ಗಳಲ್ಲೂ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ಫಂಕ್ಷನ್‌ಗಳೇ ಕಂಡರೆ ನಮ್ಮ ಕೋಡ್ ಬಿಟ್ಟು ಸ್ಟೋರೇಜ್ ಕಡೆ ಹೋಗಿ ನೋಡಬೇಕು.