ಪದಪಟ್ಟಿ, 6ನೇ ವಾರ: ಕೊನೆಗೂ ಕೊನೆಗೂ ಜಗಳ

ಈ ವಾರ ಹೊಸ ಪದ ಒಂದೂ ಸೇರಲಿಲ್ಲ. ಗಿಟ್‌ನಲ್ಲಿ (ಫೈಲಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಎರಡು ಬ್ರಾಂಚ್, ಅಂದರೆ ಒಂದೇ ಫೈಲಿನ ಎರಡು ಕವಲು, ಕೂಡಿಸುವುದರಲ್ಲೇ ಶನಿವಾರ, ಭಾನುವಾರ ಎರಡೂ ಹೋದವು.

ಅಡಿಕೆ ತೋಟದ ಪದಗಳನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಕೂಡಿಹಾಕುತ್ತಿದ್ದೇನೆ. ಸಾಲಿಗೊಂದು ಪದ, ಪಕ್ಕದಲ್ಲಿ ಅರ್ಥ. ಊರಿನಲ್ಲಿರುವ ತಮ್ಮ ಬರೆಯುವುದು ‘ತೋಟ’ ಅನ್ನೋ ಬ್ರಾಂಚಿನಲ್ಲಿ. ಅಪ್ಪ ಯಾವತ್ತೋ ಟೈಪ್ ಮಾಡಿಟ್ಟ ಪಟ್ಟಿ ಸಿಕ್ಕಿತು, ಯೂನಿಕೋಡ್ ಅಲ್ಲದ ಹಳೇ ಫಾಂಟಿನದು. ನಾನೇ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದು ಅದನ್ನು ಯೂನಿಕೋಡಿಗೆ ತಂದು, ‘ಅಪ್ಪನ-ಫೈಲ್’ ಬ್ರಾಂಚಿನಲ್ಲಿ ಕಮಿಟ್ ಮಾಡಿದೆ, ಅಂದರೆ ದಾಖಲಿಸಿದೆ. (ಬ್ರಾಂಚಿಗೆ ಕನ್ನಡದ ಹೆಸರಿಟ್ಟರೆ ಗಿಟ್ ತಕರಾರು ಮಾಡಲ್ಲ.)

‘ತೋಟ’ ಮುಖ್ಯ ಬ್ರಾಂಚಾದ ಮೇನ್‌ಗೆ ತಕರಾರಿಲ್ಲದೆ ಸೇರಿತು. ಅಪ್ಪನದನ್ನು ಮರ್ಜ್ ಮಾಡಿದರೆ (ಕೂಡಿಸಿದರೆ) 23 ಕಡೆ ಕಾನ್‌ಫ್ಲಿಕ್ಟ್, ಅಂದರೆ ಒಂದೇ ಜಾಗದಲ್ಲಿ ಎರಡು ಬೇರೆ ಸಾಲು, ಯಾವುದು ಬೇಕು ಅನ್ನೋ ಜಗಳ!

<<<<<<< ಹೆಡ್
ಕೊನೆ – ಅಡಿಕೆ ಗೊಂಚಲು
=======
ಕೊನೆ – ಅಡಿಕೆ ಗೊಂಚಲು
>>>>>>> ಅಪ್ಪನ-ಫೈಲ್

ಮೇಲಿನದು ತಮ್ಮನದು, ಕೆಳಗಿನದು ಅಪ್ಪನದು. ಎರಡೂ ಒಂದೇ ಅಲ್ವಾ? ಅಪ್ಪನ ಪಟ್ಟಿಯ ಪ್ರಿಂಟ್ ತಮ್ಮನ ಹತ್ತಿರವೂ ಇತ್ತಂತೆ, ಅದನ್ನೇ ನೋಡಿ ಟೈಪ್ ಮಾಡಿದ್ದಾನೆ. ಹಾಗಾದರೆ ಜಗಳ ಯಾಕೆ? ಎರಡು ಬ್ರಾಂಚಿಗೂ ಡಿಫ್ ಹಾಕಿ ವ್ಯತ್ಯಾಸ ನೋಡಿದೆ. ಹಾಳೆ, ಮೆಟ್ಟುಗತ್ತಿ ತಣ್ಣಗಿವೆ. ಕೊನೆ, ದೋಟಿ, ಸೋಗೆ, ಚೊಗರು ಮಾತ್ರ ಕೆಂಪು, ಹಸಿರು. ಆಗ ಹೊಳೆಯಿತು, ಎಲ್ಲವೂ ಒತ್ವ, ಓತ್ವದ ಪದಗಳು.

ಹಳೇ ಫಾಂಟಿನಲ್ಲಿ ‘ಕೊ’ ಅಂದರೆ ‘ಕೆ’ ಬರೆದು ಪಕ್ಕಕ್ಕೆ ಊತ್ವದ ಕೊಂಬು ಅಂಟಿಸುವುದು. ನನ್ನ ಸ್ಕ್ರಿಪ್ಟೂ ಹಾಗೇ ತುಂಡು ತುಂಡಾಗಿ ಅಂಟಿಸಿದೆ, ಎತ್ವಕ್ಕೊಂದು ಕೋಡ್, ಊತ್ವಕ್ಕೊಂದು ಕೋಡ್. ತಮ್ಮನ ಫೋನು ಇಡೀ ಒತ್ವಕ್ಕೆ ಒಂದೇ ಕೋಡ್ ಹಾಕಿದೆ. ಯುಟಿಎಫ್-8ರಲ್ಲಿ (ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಅವನದು 3 ಬೈಟ್, ನನ್ನದು 6. ಪರದೆ ಮೇಲೆ ಎರಡೂ ‘ಕೊ’. ಗಿಟ್ ನೋಡುವುದು ಬೈಟ್‌ಗಳನ್ನು, ಕನ್ನಡವನ್ನಲ್ಲ.

23 ಕಡೆಯೂ ಕೈಯಲ್ಲಿ ತಿದ್ದಲು ಹೊರಟಿದ್ದೆ, ಪುಣ್ಯಕ್ಕೆ ಆರನೆಯದರಲ್ಲೇ ನಿಲ್ಲಿಸಿದೆ. ಮರ್ಜ್ ಅಬಾರ್ಟ್ (ರದ್ದು) ಮಾಡಿ, ‘ಅಪ್ಪನ-ಫೈಲ್’ಗೆ ಸ್ವಿಚ್ ಆಗಿ, ಸ್ಕ್ರಿಪ್ಟಿನ ಕೊನೆಗೆ ಎನ್‌ಎಫ್‌ಸಿ ನಾರ್ಮಲೈಸ್ ಮಾಡುವ, ಅಂದರೆ ತುಂಡು ಕೋಡ್‌ಗಳನ್ನು ಒಂದೇ ಕೋಡ್ ಆಗಿ ಬೆಸೆಯುವ, ಒಂದು ಸಾಲು ಸೇರಿಸಿದೆ. ಮತ್ತೆ ಓಡಿಸಿ ಕಮಿಟ್, ಮತ್ತೆ ಮರ್ಜ್. ಈಗ ಉಳಿದದ್ದು ಒಂದೇ, ‘ಕೊಟ್ಟೆ’.

ಅಪ್ಪನ ಪ್ರಕಾರ ಅದು ಕಡುಬು ಬೇಯಿಸುವ ಎಲೆಯ ದೊನ್ನೆ. ತಮ್ಮ ಅರ್ಥ ಬದಲಾಯಿಸಿದ್ದಾನೆ: ಮಳೆಗಾಲದಲ್ಲಿ ಕೊನೆಗೆ ಕಟ್ಟುವ ಹಾಳೆ. ಫೋನ್ ಮಾಡಿದೆ.

“ಅಣ್ಣ, ಮನೇಲಿ ಕಡುಬೂ ಮಾಡ್ತೀವಿ, ಕೊನೆಗೂ ಕಟ್ತೀವಿ. ಎರಡೂ ಇರ್ಲಿ ಬಿಡು.”

ಎರಡೂ ಸಾಲು ಇಟ್ಟು ಕಮಿಟ್ ಮಾಡಿದೆ. ‘ಅಪ್ಪನ-ಫೈಲ್’ ಬ್ರಾಂಚನ್ನು ಇನ್ನೂ ಅಳಿಸಿಲ್ಲ. ಅರ್ಕಾವತ್ತಿನ ಪದಗಳನ್ನು ನನ್ನ ಸ್ಕ್ರಿಪ್ಟ್ ಏನು ಮಾಡಿದೆಯೋ ನೋಡಬೇಕು.